ಲಾಳಿ ನಿಲ್ಲಲಿಲ್ಲ

ಲಾಳಿಯೊಳಗೆ ಕೂಡಿಸುವ ನೂಲಿನ ಕಂಡಿಕೆ ಅರ್ಧ ತುಂಬಿತ್ತು. ಬಲಗೈಯಿಂದ ರಾಟೆ ತಿರುಗಿಸುತ್ತ ಎಡಗೈ ಬೆರಳಸಂದಿಯಿಂದ ಕೆಂಪು ನೂಲು ಬಿಡುತ್ತಿದ್ದೆ. ಎದುರಿಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನನ್ನ ಮಗ ಈರೇಶ ಸೀರೆ ನೇಯುತ್ತಿದ್ದ. ಆಗ ರೋಣದ ರಸ್ತೆಯ ಕಡೆಯಿಂದ ಆಂಬುಲೆನ್ಸಿನ ಸೈರನ್ ಕೇಳಿಸಿತು.

ನನ್ನ ಕೈ ತಾನಾಗಿಯೇ ನಿಂತಿತು. ಈರೇಶನ ಕೈಯೂ ಲಾಳಿಯ ಹಗ್ಗ ಬಿಟ್ಟಿತು. ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದ ನನ್ನ ಮೈದುನ ಗವಿಸಿದ್ದಪ್ಪ ಒಮ್ಮೆ ಕೆಮ್ಮಿದ, ಅಷ್ಟೇ. ಈರೇಶ ತಲೆ ತಗ್ಗಿಸಿ ಮತ್ತೆ ಹಗ್ಗ ಎಳೆದ. ಓಣಿಯ ಉಳಿದ ಮಗ್ಗಗಳೂ ಬಡಿಯುತ್ತಲೇ ಇದ್ದವು. ಸೈರನ್ ಹತ್ತಿರ ಬಂತು, ದಾಟಿತು, ದೂರವಾಯಿತು. ಯಾರ ಲಾಳಿಯೂ ನಿಲ್ಲಲಿಲ್ಲ.

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಹೆಣ ಹೋಗುವಾಗ ಲಾಳಿ ಆಡಿಸುವುದಿಲ್ಲ. ಅದು ಹಿಂದಿನಿಂದ ಬಂದ ರಿವಾಜು. ಊರಿಗೆ ಆಂಬುಲೆನ್ಸ್ ಬಂದ ಹೊಸದರಲ್ಲಿ ನನ್ನ ಅತ್ತೆ, “ಸತ್ತವರಿಗೆ ಇಷ್ಟ ಮರ್ಯಾದಿ ಕೊಡ್ತೀರಿ, ಜೀವಾ ಹಿಡಕೊಂಡು ಹೊಂಟವರಿಗೆ ಬ್ಯಾಡೇನು?” ಎಂದು ಗಂಡಸರನ್ನು ಕೇಳಿದಳು. ಅಂದಿನಿಂದ ಸೈರನ್ ಕೇಳಿದರೂ ನಿಲ್ಲಿಸುವುದು ರೂಢಿಯಾಯಿತು. “ಯಾರಿಗರ ಹೊಟ್ಟಿನೋವು ಬರಬಾರದೇನಲೇ, ಒಂದ್ ಗುಟುಕು ಚಹಾ ಆದ್ರೂ ಆಕ್ಕಿತ್ತು” ಎಂದು ಚಾಷ್ಟಿ ಮಾಡುವವರೂ ಇದ್ದರು. ಆದರೆ ಅವರೂ ನಿಲ್ಲಿಸುತ್ತಿದ್ದರು. ಮಗ್ಗದವರಿಗೆ ಕಿವಿ ಮಂದ ಎಂದು ಹೊರಗಿನವರು ತಿಳಿದಿದ್ದಾರೆ. ಮಗ್ಗದ ಸಪ್ಪಳಕ್ಕೆ ಒಂದು ತಾಳವಿದೆ. ಆ ತಾಳಕ್ಕೆ ಹೊರತಾದದ್ದು ನಮಗೆ ಬೇಗನೆ ಕೇಳಿಸುತ್ತದೆ.

ಮಳೆಗಾಲದಲ್ಲಿ ಅಪಘಾತವಾದ ಆ ಸಂಜೆಯೂ ಕೇಳಿಸಿತ್ತು. ಇಡೀ ಓಣಿ ನಿಂತಿತ್ತು. ಆ ಮೌನದಲ್ಲಿಯೇ ಗಾಡಿಗೆ ಗಾಡಿ ಬಡಿದ ಸದ್ದೂ ಬಂತು.

ಈರೇಶ ನರಗುಂದದ ಅಂಗಡಿಗೆ ಸೀರೆ ಮುಟ್ಟಿಸಿ ಗೂಡ್ಸ್ ಗಾಡಿಯಲ್ಲಿ ತಿರುಗಿ ಬರುತ್ತಿದ್ದ. ದಾರಿಯಲ್ಲಿ ಗೆಳೆಯರೊಂದಿಗೆ ಕೂತು ಕುಡಿದಿದ್ದ. ನಮ್ಮ ಓಣಿಗೆ ಹೊರಳುವಲ್ಲಿ ಎದುರು ನೋಡದೆ ಹೊರಳಿಸಿ ಆಂಬುಲೆನ್ಸಿನ ಮಗ್ಗುಲಿಗೆ ಹೊಡೆದ. ಅದು ಕಾಲುವೆಗೆ ಉರುಳಿತು. ಅದರ ಡ್ರೈವರ್ ಆಫ್ತಾಬನ ಹೆಗಲು ಮುರಿಯಿತು. ನಮ್ಮವರು ಓಡಿಹೋಗಿ ಮೊದಲು ಎತ್ತಿದ್ದು ಈರೇಶನನ್ನು. ದವಾಖಾನೆಗೆ ಒಯ್ದರೆ ವಾಸನೆ ಗೊತ್ತಾಗುತ್ತದೆಂದು ಮನೆಗೆ ತಂದು ಬಾಯಲ್ಲಿ ಯಾಲಕ್ಕಿ ತುರುಕಿದರು. ಆಂಬುಲೆನ್ಸ್ ಹೊರಟಿದ್ದು ಲಕ್ಕಲಕಟ್ಟಿಯ ಒಬ್ಬ ಬಸುರಿಯನ್ನು ಕರೆತರಲು. ನಿರ್ಮಲಾ ಎಂದು ಅವಳ ಹೆಸರು. ಕಾದು ಕಾದು ಅವಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟರಂತೆ. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಮರುದಿನ ಪೊಲೀಸರು ಬಂದಾಗ ಓಣಿಯ ಪರವಾಗಿ ಗವಿಸಿದ್ದಪ್ಪನೇ ಮಾತಾಡಿದ.

“ಸೈರನ್ ಹಾಕಿರಲೇ ಇಲ್ರಿ ಸಾಹೇಬ್ರ, ಅದಕ್ಕ ನಮ್ಮ ಹುಡುಗಗ ಗೊತ್ತಾಗಲಿಲ್ಲ. ಹಾಕಿದ್ರೂ ಈ ಸಪ್ಪಳದಾಗ ನಮಗೇನ ಕೇಳತೈತ್ರಿ?”

ಎರಡರಲ್ಲಿ ಯಾವುದು ಖರೆ ಎಂದು ಅವರು ಕೇಳಲಿಲ್ಲ. ಮೊದಲನೆಯದನ್ನು ಬರೆದುಕೊಂಡರು. ಹೋಗುವಾಗ ಒಬ್ಬ ನನ್ನತ್ತ ತಿರುಗಿ, “ಆಯಿ, ನಿಮಗ ಏನಾರ ಕೇಳಿತ್ತೇನ್ರಿ?” ಎಂದ.

“ಆಕೀಗೆ ವಯಸ್ಸಾಗೇತ್ರಿ, ಕಿವಿ ಕೇಳಂಗಿಲ್ಲ,” ಎಂದ ಗವಿಸಿದ್ದಪ್ಪ.

ನಾನು ಕಿವುಡಿಯಂತೆ ನೂಲು ನೋಡುತ್ತ ಕೂತೆ.

ಸೈರನ್ ಹಾಕದೆ ಗಾಡಿ ಓಡಿಸಿದನೆಂದು ಆಫ್ತಾಬನನ್ನು ಕೆಲಸದಿಂದ ಹೊರಗಿಟ್ಟು ವಿಚಾರಣೆಗೆ ಗುರಿಮಾಡಿದರು. ಅವನ ತಾಯಿ ಬದರುನ್ನಿಸಾ ನಮ್ಮ ಮನೆಗೆ ಬಂದಳು. ರಾತ್ರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಚಾಪೆಯವರು. ನನ್ನ ‘ಳ’ ಸೊಟ್ಟಾದಾಗಲೆಲ್ಲ, “ಇದು ಜಿಲೇಬಿ ಆತಲ್ಲ ಕಳಕವ್ವಾ” ಎಂದು ನಗುತ್ತಿದ್ದವಳು. ಆ ದಿನ ನಗಲಿಲ್ಲ, ಕೂಡಲೂ ಇಲ್ಲ.

“ನನ್ನ ಮಗಾ ಸೈರನ್ ಹಾಕಿರಲಿಲ್ಲಂತ. ನೀ ಹೇಳು, ಅವತ್ತ ನಿಮ್ಮ ಓಣ್ಯಾಗ ಲಾಳಿ ನಿಂತಿದ್ದಿಲ್ಲೇನು?”

ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದೆ. ಒಲೆ ಹೊತ್ತಿಸಿಯೇ ಇರಲಿಲ್ಲ. ಆರಿದ ಒಲೆಯ ಮುಂದೆ ಅವಳು ಹೋಗುವವರೆಗೂ ನಿಂತಿದ್ದೆ.

ಆಮೇಲೆ ಗವಿಸಿದ್ದಪ್ಪ ಮನೆಮನೆಗೂ ಹೋಗಿ, ಇನ್ನು ಮುಂದೆ ಸೈರನ್ ಬಂದರೆ ಯಾರೂ ಲಾಳಿ ನಿಲ್ಲಿಸಕೂಡದು, ನಿಲ್ಲಿಸಿದರೆ ನಮಗೆ ಕೇಳಿಸುತ್ತದೆಂದು ಊರಿಗೆಲ್ಲ ಗೊತ್ತಾಗುತ್ತದೆ ಎಂದು ಹೇಳಿ ಬಂದ.

ನಾನು ವಿಚಾರಣೆಯ ಸಾಹೇಬರಿಗೆ ಕಾಗದ ಬರೆಯತೊಡಗಿದೆ. ರಾತ್ರಿ ಶಾಲೆಯ ನಾಗರತ್ನಾ ಟೀಚರ್ ಕಾಗದ ಬರೆಯುವುದನ್ನು ಕಲಿಸಿದ್ದರು. ಆದರೆ ನಾನು ಬರೆದು ಕಳಿಸುವಂಥವರು ಯಾರೂ ಇರಲಿಲ್ಲ. ಇದೇ ಮೊದಲನೆಯದು. ಮೊದಲ ಸಲ “ಯಾರೋ ಒಬ್ಬರು ಕುಡಿದು” ಎಂದು ಬರೆದೆ. ಹರಿದೆ. “ನಮ್ಮ ಓಣಿಯ ಹುಡುಗ” ಎಂದು ಬರೆದೆ. ಅದನ್ನೂ ಹರಿದೆ. “ನನ್ನ ಮಗ ಈರೇಶ” ಎಂದು ಬರೆದ ಮೇಲೆ ಹರಿಯಲಿಲ್ಲ. ಟಪಾಲಿಗೆ ಹಾಕಲೂ ಇಲ್ಲ. ಅಕ್ಷರ ತಪ್ಪಿರಬಹುದು, ನಾಳೆ ತಿದ್ದೋಣ ಎಂದು ನೂಲಿನ ಚೀಲದ ತಳದಲ್ಲಿಟ್ಟೆ. ಮಳೆಗಾಲ ಹೋಯಿತು, ಜೋಳ ತೆನೆ ಹಿಡಿಯಿತು. ನಾನು ನಾಳೆ ಎನ್ನುತ್ತಲೇ ಇದ್ದೆ.

ಇವತ್ತು ಅರ್ಧ ಕಂಡಿಕೆ ಬಿಟ್ಟು ಎದ್ದೆ. ಚೀಲದಿಂದ ಲಕೋಟೆ ತೆಗೆದೆ. ಅದಕ್ಕೆ ಕೆಂಪು ನೂಲಿನ ಜುಂಗು ಹತ್ತಿತ್ತು.

“ಎಲ್ಲಿಗೆ ವೈನಿ?” ಎಂದ ಗವಿಸಿದ್ದಪ್ಪ.

“ಟಪಾಲ ಹಾಕಾಕ. ಆಫ್ತಾಬನ ವಿಚಾರಣಿ ಸಾಹೇಬ್ರಿಗೆ.”

ಅವನು ಬಾಯಲ್ಲಿದ್ದ ಎಲೆಯನ್ನು ಅಗಿಯುವುದು ಬಿಟ್ಟ. “ತಲಿ ಕೆಟ್ಟೈತೇನ ನಿನಗ? ಹಡದ ಮಗನ್ನ ಒಳಗ ಹಾಕಸ್ತೀಯಾ? ಓಣಿ ಮಾನ ಏನಾಗಬೇಕು?”

“ಈಗ ಸೈರನ್ ಹೋತಲ್ಲೋ ಗವಿಸಿದ್ದಾ. ಯಾರ ಲಾಳಿ ನಿಂತಿತು? ಮಾನಾ ಅವಾಗನ ಹೋತು.”

ಮಗ್ಗದ ಸಪ್ಪಳ ನಿಂತಿತು. ಈರೇಶ ನನ್ನನ್ನು ನೋಡುತ್ತಿದ್ದ. ಆ ಸಂಜೆಯಿಂದ ಅವನು ನನ್ನ ಮುಖ ನೆಟ್ಟಗೆ ನೋಡಿರಲಿಲ್ಲ. ನಾನೂ ಅವನದನ್ನು ನೋಡಿರಲಿಲ್ಲ.

“ಕುಡದಿದ್ದೆ ಅಂತ ಬರದೀಯೇನಬೇ?”

“ಬರದೀನಿ.”

“ಹೆಸರು?”

“ನನ್ನ ಮಗಾ ಅಂತಾನ ಬರದೀನಿ.”

ಅವನು ಕುಣಿಯಿಂದ ಮೇಲೆ ಬಂದ. ಕಸಿದುಕೊಳ್ಳುತ್ತಾನೆಂದು ಲಕೋಟೆಯನ್ನು ಎದೆಗೆ ಒತ್ತಿಕೊಂಡೆ. ಅವನು ವಿಳಾಸ ನೋಡಿದ.

“ಪಿನ್ ಕೋಡ್ ಹಾಕೇ ಇಲ್ಲಲ್ಲಬೇ. ಹಿಂಗ ಕಳಿಸಿದ್ರ ಎಲ್ಲೆಲ್ಲಿ ತಿರುಗತೈತೋ.”

ಸೀರೆಯ ಪಾರ್ಸಲ್ ಕಳಿಸುವವನಿಗೆ ಅದು ಬಾಯಿಪಾಠ. ಲಕೋಟೆ ಇಸಿದುಕೊಂಡು ಮಗ್ಗದ ಹಲಗೆಯ ಮೇಲೆ ಇಟ್ಟು ಬರೆದ. ಕೊನೆಯ ಅಂಕಿ ಸೊಟ್ಟಾಯಿತು. ನಮ್ಮ ಬೆನ್ನ ಹಿಂದೆ ಗವಿಸಿದ್ದಪ್ಪ ಏನೇನೋ ಅನ್ನುತ್ತಿದ್ದ. ನಾನು ಹೊರಟೆ. ಯಾವ ಮನೆಯ ಬಾಗಿಲನ್ನೂ ನೋಡದೆ ಓಣಿ ದಾಟಿದೆ.

ಅಂಚೆ ಡಬ್ಬಿಯ ಬಾಯಿ ತುಕ್ಕು ಹಿಡಿದು ಅರ್ಧಕ್ಕೇ ತೆರೆಯುತ್ತದೆ. ಲಕೋಟೆ ಅಲ್ಲಿ ಸಿಕ್ಕಿಕೊಂಡಿತು. ಬೆರಳಿನಿಂದ ಒಳಕ್ಕೆ ನೂಕಿದೆ. ಅದು ತಳಕ್ಕೆ ಬಿದ್ದ ಸದ್ದು ನನಗೆ ಕೇಳಿಸಿತು.