ಬೊಡ್ಡೆಯ ಬಾವು

ಗುದ್ದಲಿ ಮೂರನೇ ಸಲವೂ ಬೇರಿಗೇ ಬಡಿಯಿತು. ಸಾಬಣ್ಣ ಹೆಣ ಹೂಳಲು ತೋಡುತ್ತಿದ್ದ ಕುಣಿಯಿಂದ ಮೇಲೆ ಬಂದು ಅಣ್ಣನ ಮಗ ಮಾನಪ್ಪನ ಕಡೆ ನೋಡಿದ.

"ಅತ್ತಿಗಿ ನಮ್ಮಣ್ಣನ ಎಡಮಗ್ಗಲಾಗ ಮಲಗಬೇಕಂದ್ರ ಈ ಗಿಡ ಬೀಳಬೇಕಪ. ಬಂಜಿ ಗಿಡ, ಇಟ್ಕೊಂಡು ಏನ್ಮಾಡ್ತಿ?"

ಕೆಂಭಾವಿ ಸೀಮೆಯಲ್ಲೇ ಇನ್ನೊಂದಿಲ್ಲದ ಹಲಸಿನ ಗಿಡ ಅದು. ಬಾವಿಯ ನೀರು ಹೊತ್ತು ಹಾಕಿ ಹನ್ನೆರಡು ವರ್ಷ ಸಾಕಿದ ಮಾನಪ್ಪನ ಅವ್ವ ಗೊಲ್ಲಾಳಮ್ಮ ಈಗ ಹೊಲದ ಗುಡಿಸಲ ಮುಂದೆ ಹೆಣವಾಗಿ ಗೋಡೆಗೊರಗಿ ಕೂತಿದ್ದಳು. ಎಡಕ್ಕೆ ಹೂಳದಿದ್ದರೆ ಊರು ಆಡಿಕೊಳ್ಳುತ್ತದೆ. ಗಿಡ ಕಡಿದರೆ ಅವ್ವನ ಜೀವಕ್ಕೆ ಕೊಡಲಿ ಹಾಕಿದಂತೆ. ಮಾನಪ್ಪನ ತಲೆ ಕೆಟ್ಟುಹೋಗಿತ್ತು.

*

ಬೀಜ ಕೊಟ್ಟವನು ಗಾಡಿ ಹೊಡೆಯುವ ಅಬ್ದುಲ್ ಕರೀಮ. ಬಾಡಿಗೆಗೆ ದೂರದ ಸೀಮೆಗೆ ಹೋದಾಗ ಹಣ್ಣು ತಿಂದು, "ಅಕ್ಕಾ, ಬೆಲ್ಲ ಇದರ ಮುಂದ ಏನೂ ಅಲ್ಲ" ಎಂದು ತಂದುಕೊಟ್ಟಿದ್ದ. ಹಣ್ಣು ಎಲ್ಲಿ ಬಿಡುತ್ತದೆಂದು ಅವಳು ಕೇಳಲಿಲ್ಲ. ಹಣ್ಣೆಂದರೆ ಟೊಂಗೆಯ ತುದಿಗೇ ಬಿಡುವುದು, ಅದರಲ್ಲಿ ಕೇಳುವುದೇನಿದೆ?

ರಜಾಕಾರರ ಗದ್ದಲ ಎದ್ದ ಮೇಲೆ ಎರಡು ಮನೆಗಳ ನಡುವೆ ಮಾತು ನಿಂತಿತು. ಗಿಡದ ಬೊಡ್ಡೆಯ ಮೇಲೆ ಮುಳ್ಳುಮುಳ್ಳಾದ ಗಂಟುಗಳು ಎದ್ದದ್ದೂ ಅದೇ ವರ್ಷ. ಕುರಿಗಳ ಬಾವು ಕೊಯ್ದು ಪಳಗಿದ ಕೈ ಗೊಲ್ಲಾಳಮ್ಮನದು. ಒಂದೊಂದನ್ನೇ ಕೊರೆದು ಅರಿಶಿಣ, ಬೂದಿ ಮೆತ್ತಿ, "ಆರತಾದ ತಗೋ ನನ್ನವ್ವ" ಎಂದು ಗಿಡದ ಮೈ ಸವರಿದಳು. ಮರುವರ್ಷವೂ ಅದೇ ಆರೈಕೆ.

"ನಿನ್ನ ಗಿಡ ಯಾವಾಗ ಹಡೀತದ?" ಎಂದು ಬಾವಿಗೆ ಬಂದವರು ನಗುವರು. ಅವಳೂ ನಕ್ಕು, ಒಳಗೆ ಹೋಗಿ ಅಳುವಳು.

ನಿಜಾಮನ ಸರ್ಕಾರ ಬಿದ್ದ ವಾರ ಗಾಡಿ ಹೂಡಿಕೊಂಡು ಹೋದ ಕರೀಮ ತಿರುಗಿ ಬರಲಿಲ್ಲ. ಏನಾಯಿತೆಂದು ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅವನ ಹೆಂಡತಿ ಚಮನಬೀ ಶಹಾಪುರದಲ್ಲಿ ಅಣ್ಣನ ಮನೆ ಸೇರಿದಳು.

*

ಮಾನಪ್ಪ ಕೊಡಲಿ ಎತ್ತಿಕೊಂಡ. ಬೊಡ್ಡೆಯ ಕೆಳಗೆ ಮುಷ್ಟಿಯಷ್ಟು ಗಂಟೊಂದು ಕಂಡಿತು. ಎರಡು ತಿಂಗಳಿಂದ ಅವ್ವ ಹಾಸಿಗೆ ಹಿಡಿದಿದ್ದಳು, ಕೊರೆಯುವವರು ಇರಲಿಲ್ಲ.

"ಮೊದಲ ಇದೊಂದು ತಗೀತೀನಿ ಕಾಕಾ. ಅವ್ವ ಇದ್ದಿದ್ರ ಬಿಡ್ತಿದ್ದಿಲ್ಲ."

ಕುರ್ಪಿಯಿಂದ ಕೊರೆದ. ಬಿಳಿಯ ಹಾಲು ಅಂಗೈ ತುಂಬ ಹರಿಯಿತು.

"ಯಪ್ಪಾ, ಕಾಯಿ ಯಾಕ ಕೊಯ್ದಿ?"

ಸುದ್ದಿ ಕೇಳಿ ಶಹಾಪುರದಿಂದ ಬಂದ ಚಮನಬೀ ಹಿಂದೆ ನಿಂತಿದ್ದಳು. ಮಂದಿ ಸರಿದು ದಾರಿ ಬಿಟ್ಟಿದ್ದರು, ಯಾರೂ ಮಾತಾಡಿಸಿರಲಿಲ್ಲ.

"ಕಾಯಿ ಅಲ್ಲಬೇ, ಬಾವು."

"ಬಾವಲ್ಲಪ. ಹಲಸು ಬೊಡ್ಡಿಗೇ ಕಾಯಿ ಬಿಡ್ತದಂತ ನಮ್ಮ ಮನಿಯವರು ಹೇಳ್ತಿದ್ರು." ಅವಳ ಕಣ್ಣು ಬೊಡ್ಡೆಯ ಹಳೆಯ ಗಾಯಗಳ ಮೇಲೆ ಹೋಯಿತು. "ಇವೆಲ್ಲಾ ಯಾರು ಕೊಯ್ದರು?"

ಮಾನಪ್ಪ ಗುಡಿಸಲ ಕಡೆ ನೋಡಿದ. ಚಮನಬೀ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾ ಒಂದ್ಸಲ ಬಂದು ಹೋಗಿದ್ರ ಆಗ್ತಿತ್ತು."

"ನಾವರೆ ಎಲ್ಲಿ ಕರದೇವು" ಎಂದ ಮಾನಪ್ಪ. ಕೊಡಲಿ ಕೆಳಗಿಟ್ಟ.

ಸಾಬಣ್ಣ ಗುದ್ದಲಿ ತಗೊಂಡು ಅಣ್ಣನ ಗೋರಿಯ ಆ ಕಡೆಗೆ ಹೋದ. "ಬಲಕ್ಕ ಮಲಗಲಿ. ಆಡ್ಕೊಳ್ಳೋರು ಆಡ್ಕೊಳ್ಳಲಿ."

ಹೊತ್ತು ಇಳಿಯುವಾಗ ಅವ್ವನನ್ನು ಕುಣಿಗೆ ಇಳಿಸಿದರು. ಮೊದಲ ಹಿಡಿ ಮಣ್ಣು ಮಗನದು. ಮಾನಪ್ಪ ಕೈ ಚಾಚಿ ಬೆರಳು ಬಿಚ್ಚಿದ. ಅರ್ಧ ಬಿತ್ತು, ಅರ್ಧ ಹಾಲಿನ ಅಂಟಿಗೆ ಅಂಗೈಯಲ್ಲೇ ಉಳಿಯಿತು. ಕೊಡವಿದ, ತೊಡೆಗೆ ಒರೆಸಿದ, ಮಣ್ಣು ಬಿಡಲಿಲ್ಲ. ತನ್ನ ಹಿಡಿ ಮಣ್ಣಿನೊಂದಿಗೆ ಚಮನಬೀ ಹಿಂದೆ ಕಾಯುತ್ತಿದ್ದಳು. ಅವನು ಕುಣಿಯ ಮೇಲೆ ಕೈ ಚಾಚಿಕೊಂಡೇ ನಿಂತಿದ್ದ.