ಬಿರುಕಿನ ಮೇಲಿನ ಗಾಜು

ಕೋಟೆಯ ಕಾವಲುಗಾರನ ಕೆಲಸ ಏನೆಂದು ಕೇಳಿದರೆ ಯಾರಿಗಾದರೂ ನಗು ಬರಬೇಕು. ಬೆಳಿಗ್ಗೆ ಹೋಗಿ ಗಾಜು ಒಡೆದಿದೆಯೇ ಎಂದು ನೋಡುವುದು, ಅಷ್ಟೇ. ಕೋಟೆಯ ಹಿಂದಿನ ಗೋಡೆ ಬಿರುಕು ಬಿಟ್ಟಿತ್ತು. ಸ್ಮಾರಕ ಕಾಯುವ ಇಲಾಖೆಯವರು ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿಗಳನ್ನು ಗಾರೆಯಲ್ಲಿ ಕೂರಿಸಿ, ಪಕ್ಕದಲ್ಲಿ ತಾರೀಖು ಬರೆದು ಹೋಗಿದ್ದರು. ಗೋಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಒಡೆದರೆ ಅದೇ ದಿನ ತಿಳಿಸಬೇಕು. ಗೋಡೆಯ ಬುಡದ ಮನೆಗಳನ್ನು ಖಾಲಿ ಮಾಡಿಸುತ್ತಾರೆ.

ಆ ಮನೆಗಳಲ್ಲಿ ಒಂದು ಅವನ ತಂಗಿಯದು. ಅವಳ ಗಂಡ ದರ್ಜಿ, ದಿನವಿಡೀ ಕಿಟಕಿ ಪಕ್ಕ ಹೊಲಿಯುತ್ತಿದ್ದ. ಮೇಲೆ ಕಾವಲುಗಾರ ಕೆಮ್ಮಿದರೆ ಸಾಕು, "ಗೋಡೆ ಬೀಳಿಸ್ಬೇಡಿ ಭಾವ" ಎಂದು ಕೆಳಗಿನಿಂದ ಛೇಡಿಸುತ್ತಿದ್ದ.

ಮೊದಲ ಗಾಜು ಒಡೆದಾಗ ಕಾವಲುಗಾರ ಇಲಾಖೆಗೆ ಹೋಗುವ ಮುಂಚೆ ತಂಗಿಯ ಮನೆಗೆ ಓಡಿದ. ಅಲ್ಲೇ ಎಡವಿದ್ದು. ಹನ್ನೆರಡು ವರ್ಷದ ಹಿಂದೆ ಹೆಬ್ಬಾಗಿಲ ಬಳಿಯವರನ್ನು ಎರಡೇ ತಿಂಗಳೆಂದು ಎಬ್ಬಿಸಿದ್ದರು. ಅವರು ಇನ್ನೂ ಊರಾಚೆಯ ತಗಡಿನ ಶೆಡ್ಡುಗಳಲ್ಲೇ ಕೊಳೆಯುತ್ತಿದ್ದರು. ತಂಗಿ ಗಂಡನಿಗೆ ಕೇಳಿಸದಂತೆ ಅವನನ್ನು ಹಿತ್ತಲಿಗೆ ಕರೆದಳು.

"ಆ ಶೆಡ್ಡಿಗೆ ಹೋದ್ರೆ ಇವರಿಗೆ ಬಟ್ಟೆ ಕೊಡೋರು ಯಾರಣ್ಣ? ಗಾಜು ತಾನೇ, ಬೇರೆ ಹಾಕು."

ತಂಗಿಯೆಂದರೆ ಅವನಿಗೆ ಜೀವ. ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ಗಾಜಿನ ಚೂರು ತಂದು ಕೂರಿಸಿದ. ಪಕ್ಕದ ತಾರೀಖು ಹಳೆಯದೇ ಇತ್ತಲ್ಲ, ಆರು ತಿಂಗಳಿಗೊಮ್ಮೆ ಬರುವ ಎಂಜಿನಿಯರು ನೋಡಿ ಸಂತೋಷಪಟ್ಟು ಹೋದರು. ಅವರು ಗಾಜು ನೋಡಿದರೇ ಹೊರತು ಗಾರೆ ಹಸಿಯೋ ಒಣಗಿದ್ದೋ ನೋಡಲಿಲ್ಲ.

ಎರಡನೆಯದು ಒಂದು ವರ್ಷ ತಾಳಿತು. ಮೂರನೆಯದು ನಾಲ್ಕು ತಿಂಗಳು. ಅದೂ ಒಡೆದ ಮೇಲೆ ಹಾಕಿದ್ದು ಒಂಬತ್ತೇ ದಿನಕ್ಕೆ ಎರಡು ತುಂಡಾದಾಗ ಅವನು ತಂಗಿಯ ಮನೆಗೆ ಇಳಿದು ಹೋದ. ಇನ್ನು ಆಗದು, ತಿಳಿಸಿಬಿಡುತ್ತೇನೆ ಎಂದ. ಶಾಲೆಯ ಯೂನಿಫಾರಂ ಹೊಲಿಗೆ ಮುಗಿಯುವ ತನಕ ಒಂದು ವಾರ ತಡಿ ಎಂದು ತಂಗಿ ಅಂಗಲಾಚಿದಳು. ಅವನು ಮತ್ತೆ ಗಾರೆ ಕಲಸಿದ.

ಐದನೆಯ ದಿನ ಗೋಡೆ ಬಿತ್ತು. ತಂಗಿ ನೀರಿಗೆ ಹೋಗಿದ್ದಳು, ಅಕ್ಕಪಕ್ಕದವರು ಕೆಲಸಕ್ಕೆ. ದರ್ಜಿ ಕಿಟಕಿಯ ಬಳಿಯೇ ಇದ್ದ. ಅವನ ಹೆಣ ಹೊರತೆಗೆಯಲು ಮಧ್ಯಾಹ್ನದವರೆಗೆ ಕಲ್ಲು ಎತ್ತಬೇಕಾಯಿತು.

ಎಂಜಿನಿಯರು ಬಂದು ಹಾಳೆ ಬಿಡಿಸಿ, ಮುನ್ಸೂಚನೆ ಏನಾದರೂ ಇತ್ತೇ ಎಂದು ವಿಚಾರಿಸಿದರು. ಕಾವಲುಗಾರ ಬಾಯಿ ತೆರೆಯುವಷ್ಟರಲ್ಲಿ ತಂಗಿಯೇ ಹೇಳಿದಳು. "ನಮ್ಮಣ್ಣ ದಿನಾ ನೋಡ್ತಿದ್ದ ಸಾರ್. ಒಂದು ಗಾಜೂ ಒಡೆದಿರಲಿಲ್ಲ."

ಅವಳು ಅವನ ಕಡೆ ತಿರುಗಲಿಲ್ಲ. ಸೀರೆಗೆಲ್ಲ ಸುಣ್ಣದ ಪುಡಿ ಮೆತ್ತಿತ್ತು. ಆ ಸುಳ್ಳನ್ನು ಹೊತ್ತು ಬದುಕುವ ಶಕ್ತಿ ಅವನಲ್ಲಿರಲಿಲ್ಲ.

"ಒಡೆದಿತ್ತು ಸಾರ್. ನಾಲ್ಕು ಸಲ. ನಾನೇ ಬದಲಾಯಿಸ್ದೆ."

ಎಂಜಿನಿಯರು ಅದನ್ನು ಹಾಳೆಯಲ್ಲಿ ಬರೆದುಕೊಂಡರು. ಆಮೇಲೆ, ಇದು ಇನ್ನು ಯಾರಿಗೆ ಗೊತ್ತಿತ್ತು ಎಂದು ಕೇಳಿದರು. ತಂಗಿ ತಲೆಯೆತ್ತಿ ಮೊದಲ ಸಲ ಅಣ್ಣನ ಮುಖ ನೋಡಿದಳು.

"ಯಾರಿಗೂ ಇಲ್ಲ" ಎಂದ ಅವನು. "ನನಗೊಬ್ಬನಿಗೇ."