ಆರು ಮರಿಗಳ ಪೈಲಟ್

ಕೆಲಸ ಬಿಟ್ಟು ನಾಲ್ಕು ತಿಂಗಳಾದ ಮೇಲೆ ತ್ರಿವೇಣಿಗೆ ಏನಾದರೊಂದು ಮಾಡಬೇಕು ಅನ್ನಿಸಿತು. ಅನ್ನಿಸಿದ್ದೇ ತಡ, ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಖಾನಾಪುರದ ಪೇಟೆಗೆ ಓಡಿದಳು. ಒಂದು ಡಬ್ಬಿ ಕೆಂಪು ಬಣ್ಣ, ಒಂದು ಬ್ರಷ್, ಗುಲಾಬಿ ವಾಸನೆಯ ಶಾಂಪೂ ತಂದಳು. ದಾರಿಯುದ್ದಕ್ಕೂ ತನ್ನಷ್ಟಕ್ಕೆ ತಾನೇ ನಗುತ್ತಿದ್ದಳು.

ಈ ನಗು ಅಪರೂಪದ್ದು. ಬೆಳಗಾವಿಯ ಟಿಳಕವಾಡಿಯಲ್ಲಿ ಮನೆಮನೆಗೆ ತರಕಾರಿ ಮುಟ್ಟಿಸುವ ಒಂದು ಸ್ಟಾರ್ಟಪ್‌ನಲ್ಲಿ ಅವಳು ಮೂರು ವರ್ಷ ದುಡಿದಿದ್ದಳು. ಹೆಸರಿಗೆ ಮ್ಯಾನೇಜರ್, ಮಾಡುತ್ತಿದ್ದದ್ದು ಊರ ಉಸಾಬರಿ. ಒಂದು ದಿನ ಎರಡನೇ ರೈಲ್ವೆ ಗೇಟಿನಲ್ಲಿ ಸ್ಕೂಟಿ ನಿಲ್ಲಿಸಿಕೊಂಡಿದ್ದಾಗ ರೈಲು ಹೋಯಿತು, ಗೇಟು ತೆರೆಯಿತು, ಹಿಂದಿನ ಆಟೊಗಳು ಹಾರ್ನ್ ಹೊಡೆದೇ ಹೊಡೆದವು. ತಾನು ಎಲ್ಲಿಗೆ ಹೊರಟಿದ್ದೆ ಅನ್ನುವುದೇ ಅವಳಿಗೆ ನೆನಪಾಗಲಿಲ್ಲ. ಅಲ್ಲೇ ಕೂತು ಅತ್ತಳು, ಮರುದಿನ ಕೆಲಸ ಬಿಟ್ಟಳು.

ಆಮೇಲೆ ಅವಳಿಗೆ ಯಾವುದೂ ಬೇಡವಾಯಿತು. ಡಾಕ್ಟರು ವಿಶ್ರಾಂತಿ ತಗೊಳ್ಳಿ ಅಂದರೆ ಮಹಾರಾಯಿತಿ ವಿಶ್ರಾಂತಿಗೂ ಟೈಮ್ ಟೇಬಲ್ ಹಾಕಿ ಗೋಡೆಗೆ ಅಂಟಿಸಿದಳು. ಅದನ್ನು ಕಂಡು ಹೆದರಿದ ತಾಯಿ ಅವಳನ್ನು ಖಾನಾಪುರದ ಆಚೆ ಇರುವ ಸೋದರತ್ತೆ ಫಕೀರವ್ವನ ಮನೆಗೆ ಸಾಗಹಾಕಿದಳು. ಫಕೀರವ್ವನದು ಕುರಿ ಸಾಕುವ ಮನೆ.

ಅಲ್ಲಿ ದಿನಾ ಸಂಜೆ ಒಂದು ಗದ್ದಲವಿತ್ತು. ಅತ್ತೆಯ ಮಗ ಬೀರೇಶ ಬೆಳಿಗ್ಗೆ ಕುರಿಗಳನ್ನು ಮೇಯಲು ಹೊಡೆದುಕೊಂಡು ಹೋಗುತ್ತಿದ್ದ. ಎಳೆಯ ಮರಿಗಳು ಹಟ್ಟಿಯಲ್ಲೇ ಉಳಿಯುತ್ತಿದ್ದವು. ಸಂಜೆ ಕುರಿಗಳು ತಿರುಗಿ ಬಂದಾಗ ತಾಯಂದಿರೂ ಮರಿಗಳೂ ಒಟ್ಟಿಗೆ ಒದರುತ್ತಿದ್ದವು. ಫಕೀರವ್ವ ದಾರಿ ತಪ್ಪಿದ ಮರಿಗಳನ್ನು ಎತ್ತಿ, ಮುಖ ನೋಡಿ, ಅದರದರ ತಾಯಿಯ ಹತ್ತಿರ ಬಿಡುತ್ತಿದ್ದಳು. ಒಂದೂ ತಪ್ಪುತ್ತಿರಲಿಲ್ಲ. ನೋಡಿ ನೋಡಿ ತ್ರಿವೇಣಿಯ ತಲೆ ಓಡತೊಡಗಿತು: ಮರಿಗೊಂದು ನಂಬರ್, ತಾಯಿಗೂ ಅದೇ ನಂಬರ್, ಆಮೇಲೆ ಯಾರು ಬೇಕಾದರೂ ಈ ಕೆಲಸ ಮಾಡಬಹುದು.

ಅತ್ತೆ ಹೊಲಕ್ಕೆ ಹೋದದ್ದೇ ಆರು ಮರಿಗಳನ್ನು ಆರಿಸಿಕೊಂಡಳು. ಮೊದಲು ಪೈಲಟ್ ಮಾಡಿ ನೋಡಬೇಕು, ಆಮೇಲೆ ಮಿಕ್ಕವು. ಬಣ್ಣ ನಿಲ್ಲಬೇಕಲ್ಲ ಎಂದು ಆರನ್ನೂ ಶಾಂಪೂ ಹಾಕಿ ತಿಕ್ಕಿ ತೊಳೆದಳು. ಒರೆಸಿ ಬಿಸಿಲಿಗೆ ಬಿಟ್ಟು, ಬೆನ್ನ ಮೇಲೆ ಒಂದರಿಂದ ಆರರವರೆಗೆ ಬರೆದಳು; ತಾಯಿ ಕುರಿಗಳಿಗೆ ಸಂಜೆ ಬಂದ ಮೇಲೆ. ಮರಿಗಳು ಮದುವೆಗೆ ಹೊರಟವರ ಹಾಗೆ ಘಮಘಮಿಸಿದವು. ತ್ರಿವೇಣಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಸ್ಟಾರ್ಟಪ್ ಕಟ್ಟಿದ ವಿನಯನಿಗೆ ಅಲ್ಲಿಂದಲೇ ಫೋನ್ ಮಾಡಿದಳು.

“ವಿನಯ, ನಾ ಆರಾಮ ಆಗೀನಿ. ನಾಳೆಯಿಂದ ಬರ್ತೀನಿ.”

“ಖರೇನ? ಬಾ ಬಾ, ನಿನ್ನ ಕುರ್ಚಿ ಖಾಲೀನ ಐತಿ,” ಎಂದ ವಿನಯ.

ಸಂಜೆ ಕುರಿಗಳು ಬಂದವು. ಅಂಕೆ ಹೊತ್ತ ಆರು ಮರಿಗಳು ತಮ್ಮ ತಾಯಂದಿರ ಕಡೆ ಓಡಿದವು. ತಾಯಿ ಕುರಿಗಳು ಮರಿಗಳ ಬಾಲದ ಬುಡ ಮೂಸಿದವು, ತಲೆಯಿಂದ ಗುದ್ದಿ ಮರಿಗಳನ್ನು ಆಚೆ ತಳ್ಳಿದವು. ಮರಿಗಳು ಮತ್ತೆ ಹೋದವು, ಮತ್ತೆ ಗುದ್ದು ತಿಂದವು. ತ್ರಿವೇಣಿ ಅತ್ತೆಯನ್ನು ಕೂಗಿ ಕರೆದಳು.

ಫಕೀರವ್ವ ಒಂದು ಮರಿಯನ್ನೆತ್ತಿ ಮೂಸಿದಳು. “ಇವನ್ನ ತೊಳದಿಯೇನ? ತಾಯಿಗೆ ಮರಿ ಗುರ್ತ ಹತ್ತೂದು ವಾಸನಿ ಮ್ಯಾಲವ್ವಾ. ಅದನ್ನ ತಗದ ಬಿಟ್ಟಿ.”

“ಈಗೇನ್ ಮಾಡೂದು ಅತ್ತಿ?”

“ಅದರ ತಾಯಿ ಹಾಲು ಕರದು ಅದರ ಮೈಗೆ ಸವರೂಣು. ಬೀರ್ಯಾ, ಕುರಿ ಹಿಡಿ.”

ಮರಿಗಳನ್ನು ಹಟ್ಟಿಯ ಮಣ್ಣಿನಲ್ಲಿ ಹೊರಳಾಡಿಸಿದರು. ಬೀರೇಶ ಒಂದೊಂದೇ ಕುರಿಯನ್ನು ಹಿಡಿದ, ಅತ್ತೆ ಹಾಲು ಕರೆದಳು, ತ್ರಿವೇಣಿ ಬಾಲದ ಬುಡಕ್ಕೆ ಸವರಿದಳು. ಐದು ತಾಯಿ ಕುರಿಗಳು ಗೊಣಗುತ್ತಲೇ ಒಪ್ಪಿಕೊಂಡವು. ಆರನೆಯದು ಚೊಚ್ಚಲ ಕುರಿ, ಅದರ ಮರಿ ನಾಲ್ಕು ದಿನದ್ದು. ಆ ಕುರಿ ಮರಿಯನ್ನು ಹತ್ತಿರವೂ ಬಿಟ್ಟುಕೊಳ್ಳಲಿಲ್ಲ.

“ಇದು ಕೈ ಬಿಟ್ಟರ ಮರಿ ಉಳಿಯೂದು ಕಠಿಣ ಐತಿ,” ಎಂದಳು ಫಕೀರವ್ವ.

ತ್ರಿವೇಣಿ ಆ ಕುರಿಯ ಕುತ್ತಿಗೆಯನ್ನು ತಬ್ಬಿ ಹಿಡಿದಳು. ಇನ್ನಷ್ಟು ಹಾಲು ಸವರಲೇ? ಮರಿಯ ಬಾಯಿಗೇ ಮೊಲೆ ತುರುಕಲೇ? ಬೇರೆ ಕಡೆ ಕಟ್ಟಲೇ? ಒಂದರ ಹಿಂದೊಂದು ಕೇಳಿದಳು.

“ಏನೂ ಮಾಡಬ್ಯಾಡ. ಹಿಡಕೊಂಡು ಸುಮ್ನ ಕುಂದರು. ಅದಕ್ಕ ಹೊತ್ತು ಬೇಕು,” ಎಂದಳು ಅತ್ತೆ.

ಕುಳಿತಳು. ಕುಳಿತಾಗ ತಾನು ಬೆಳಗಿನಿಂದ ಮಾಡಿದ್ದೆಲ್ಲ ಕಣ್ಣ ಮುಂದೆ ಬಂತು. ಅದೇ ಓಟ, ಅದೇ ಎದೆಬಡಿತ, ಯಾರನ್ನೂ ಒಂದು ಮಾತು ಕೇಳದ ಅದೇ ಅವಸರ. ತನಗೆ ವಾಸಿಯಾಗಿರಲಿಲ್ಲ. ಟಿಳಕವಾಡಿಯಲ್ಲಿ ಹತ್ತಿದ ಜ್ವರವೇ ಖಾನಾಪುರದವರೆಗೂ ಬಂದಿತ್ತು. ಅವಳಿಗೆ ನಾಚಿಕೆಯಾಯಿತು, ಆದರೆ ಕೈ ಸಡಿಲಿಸಲಿಲ್ಲ. ಈ ಮರಿ ಉಳಿಯಬೇಕು, ಅವಳಿಗೆ ಅದೊಂದೇ ಬೇಕಾಗಿತ್ತು.

ಎಷ್ಟು ಹೊತ್ತಾಯಿತೋ ತಿಳಿಯಲಿಲ್ಲ, ಗಡಿಯಾರ ನೋಡಿರಲಿಲ್ಲ. ಕುರಿಯ ಕುತ್ತಿಗೆ ಮೆಲ್ಲಗೆ ಸಡಿಲವಾಯಿತು. ಅದು ಹಿಂದಕ್ಕೆ ಹೊರಳಿ ಮರಿಯನ್ನು ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ನಾಲಿಗೆ ಚಾಚಿ ನೆಕ್ಕಿತು. ಮರಿ ಹೊಟ್ಟೆಯಡಿ ನುಗ್ಗಿ ಕೆಚ್ಚಲಿಗೆ ಬಾಯಿ ಹಾಕಿದ್ದೇ ಅದರ ಬಾಲ ಪಟಪಟ ಅಲ್ಲಾಡತೊಡಗಿತು.

“ಕುಡ್ಯಾಕ ಹತ್ತೇತಿ ಅತ್ತಿ, ಕುಡ್ಯಾಕ ಹತ್ತೇತಿ,” ಎಂದು ತ್ರಿವೇಣಿ ಎದ್ದು ಕುಣಿದೇಬಿಟ್ಟಳು. ಮೈಯೆಲ್ಲ ಹಿಕ್ಕೆ, ಮಣ್ಣು. ಕಣ್ಣಲ್ಲಿ ನೀರು. ಇಷ್ಟು ಸಂತೋಷ ತನ್ನೊಳಗೆ ಎಲ್ಲಿತ್ತೋ ಅವಳಿಗೇ ತಿಳಿಯಲಿಲ್ಲ.

ಹಾಲು ಮೆತ್ತಿದ ಕೈಯಲ್ಲೇ ಫೋನ್ ಹಚ್ಚಿದಳು. “ವಿನಯ, ನಾಳೆ ಬರೂದಿಲ್ಲ.”

“ಯಾಕ? ಮಧ್ಯಾಹ್ನ ಆರಾಮ ಆಗೀನಿ ಅಂದಿದ್ದಿಯಲ್ಲ?”

“ಇಲ್ಲ, ಇನ್ನೂ ಆಗಿಲ್ಲ,” ಎಂದು ಅವಳು ನಕ್ಕಳು.

“ಮತ್ತ ಯಾವಾಗ ಬರ್ತಿ?”

“ಗೊತ್ತಿಲ್ಲ,” ಎಂದಳು ತ್ರಿವೇಣಿ. ಮೂರು ವರ್ಷದಲ್ಲಿ ಅವಳು ವಿನಯನಿಗೆ ಆ ಮಾತು ಹೇಳಿದ್ದು ಅದೇ ಮೊದಲು.